ಕಾಲಿನ್ ಬ್ಲನ್‌ಸ್ಟೋನ್ ದನಿಯ ಬೆನ್ನು ಹತ್ತಿ

ಒಂದೇ ಒಂದು ಸ್ವರಕ್ಕಾಗಿ ನಾನು ಎರಡು ವಾರ ಗುದ್ದಾಡಿದ್ದೇನೆ. ಬ್ರಿಟನ್ನಿನ ರಾಕ್ ಗಾಯಕ ಕಾಲಿನ್ ಬ್ಲನ್‌ಸ್ಟೋನ್ ಹಾಡಿರುವ ‘ಸೇ ಯು ಡೋಂಟ್ ಮೈಂಡ್’ ಹಾಡಿನ ಕೊನೆಯ ಸ್ವರ ಅದು. ಅಲ್ಲಿಯವರೆಗೆ ಹಗುರಾಗಿ ಸಾಗಿದ ದನಿ ಥಟ್ಟನೆ ತಾರಸ್ಥಾಯಿಗೆ ಏರಿ ಅಲ್ಲೇ ನಿಲ್ಲುತ್ತದೆ. ಭಾವಗೀತೆ ಹಾಡಿ ಪಳಗಿದ ಗಂಟಲು ನನ್ನದು, ಬಂದೇ ಬರುತ್ತದೆ ಅಂದುಕೊಂಡಿದ್ದೆ. ಸ್ವರವೇನೋ ಸಿಕ್ಕಿತು. ಆದರೆ ಸಿಕ್ಕಾಗೆಲ್ಲ ನನ್ನ ಕತ್ತಿನ ನರ ಬಿಗಿಯುತ್ತಿತ್ತು. ಅವರ ದನಿಯಲ್ಲಿ ಆ ಬಿಗಿತವೇ ಇಲ್ಲ.

ಇಂಥ ಗಾಯಕನ ಹೆಸರು ರಾಕ್ ಗಾಯಕರ ಮಾತು ಬಂದಾಗ ಯಾಕೆ ಕೇಳಿಬರುವುದಿಲ್ಲ? ಅವರು ಕಿರುಚುವುದಿಲ್ಲ, ಅದಕ್ಕೇ ಇರಬೇಕು.

ನಾನು ಅವರನ್ನು ಮೊದಲು ಕೇಳಿದ್ದೇ ತಪ್ಪು ದಾರಿಯಲ್ಲಿ. ಹಳೇ ಹಿಟ್ ಹಾಡುಗಳ ಒಂದು ಸಿಡಿ ತಂದಿದ್ದೆ. ಅದರಲ್ಲಿದ್ದದ್ದು ಎಷ್ಟೋ ವರ್ಷಗಳ ಮೇಲೆ ಮತ್ತೆ ಹಾಡಿಸಿದ ರೂಪಗಳು ಅಂತ ಆಗ ಗೊತ್ತಿರಲಿಲ್ಲ. ಇಷ್ಟೇನಾ ಅಂತ ಬದಿಗಿಟ್ಟೆ. ಈಗ ಯಾವ ಹಾಡು ಹಾಕುವ ಮೊದಲೂ ರೆಕಾರ್ಡ್ ಆದ ವರ್ಷ ನೋಡುತ್ತೇನೆ.

ಆಮೇಲೆ ಮೊದಲಿಂದ ಶುರು ಮಾಡಿದೆ. 1964, ‘ಷೀಸ್ ನಾಟ್ ದೇರ್’. ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಊರಿನ ಹುಡುಗರು, ತಂಡದ ಹೆಸರು ದಿ ಜಾಂಬೀಸ್. ರಾಡ್ ಆರ್ಜೆಂಟ್ ಎಲೆಕ್ಟ್ರಿಕ್ ಪಿಯಾನೋ ನುಡಿಸುತ್ತಾರೆ, ಹಾಡು ಬರೆದವರೂ ಅವರೇ. ಬ್ಲನ್‌ಸ್ಟೋನ್‌ಗೆ ಆಗ ಇನ್ನೂ 19 ತುಂಬಿರಲಿಲ್ಲ. ಚರಣಗಳನ್ನು ಕಿವಿಯ ಹತ್ತಿರ ಬಂದು ಹೇಳಿದ ಹಾಗೆ ಹಾಡುತ್ತಾರೆ. ಪಲ್ಲವಿ ಮುಗಿಯುವಾಗ ಮಾತ್ರ ದನಿ ಪೂರ್ತಿ ಬಿಡುತ್ತಾರೆ. ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಲ್ಲಿ ಇದು 2ನೇ ಸ್ಥಾನಕ್ಕೆ ಏರಿತ್ತು.

ನಾನು ಜಾಸ್ತಿ ದಿನ ಕಳೆದದ್ದು ಜಾಂಬೀಸ್ ತಂಡದ ‘ಒಡೆಸ್ಸಿ ಆಂಡ್ ಒರಾಕಲ್’ ಜೊತೆಗೆ. 1967ರಲ್ಲಿ, ಹೆಚ್ಚಿನಂಶ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ, ತುಂಬ ಕಡಿಮೆ ದುಡ್ಡಿನಲ್ಲಿ ಮಾಡಿದ ಆಲ್ಬಮ್. ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಬರೀ ಅವರ ದನಿಯನ್ನೇ ಹಿಂಬಾಲಿಸಿದೆ. ಪದ ಬಿಟ್ಟೆ, ತಾಳ ಬಿಟ್ಟೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದಷ್ಟೇ. ‘ಎ ರೋಸ್ ಫಾರ್ ಎಮಿಲಿ’ ಇದಕ್ಕೆ ಹೇಳಿ ಮಾಡಿಸಿದ ಹಾಡು. ಪಿಯಾನೋ ಮತ್ತು ದನಿಗಳು, ಬೇರೇನೂ ಇಲ್ಲ. ಸಾಲು ಮುಗಿದರೂ ಅವರು ದನಿಯನ್ನು ಕತ್ತರಿಸುವುದಿಲ್ಲ, ಕರಗಲು ಬಿಡುತ್ತಾರೆ.

ಅವರು ಹಾಡದ ಜಾಗಗಳೂ ನನಗೆ ಪಾಠವಾದವು. ‘ಬುಚರ್ಸ್ ಟೇಲ್’ ಹಾಡಿದ್ದು ತಂಡದಲ್ಲಿ ಬೇಸ್ ಗಿಟಾರ್ ನುಡಿಸುವ ಕ್ರಿಸ್ ವೈಟ್. ‘ಬ್ರೀಫ್ ಕ್ಯಾಂಡಲ್ಸ್’ ಹಾಡನ್ನು ಆರ್ಜೆಂಟ್, ವೈಟ್, ಬ್ಲನ್‌ಸ್ಟೋನ್ ಮೂವರೂ ಹಂಚಿಕೊಂಡಿದ್ದಾರೆ. ಮೂರು ದನಿ ಒಂದೇ ಹಾಡಿನಲ್ಲಿ ಪಕ್ಕಪಕ್ಕ ಸಿಕ್ಕಾಗ ವ್ಯತ್ಯಾಸ ತಾನಾಗೇ ತಿಳಿಯುತ್ತದೆ. ಉಳಿದಿಬ್ಬರೂ ಚೆನ್ನಾಗಿಯೇ ಹಾಡುತ್ತಾರೆ. ಆದರೆ ಮೈ ನವಿರೇಳುವುದು ಬ್ಲನ್‌ಸ್ಟೋನ್ ಬಂದಾಗ.

ಇದೇ ಆಲ್ಬಮ್‌ನ ‘ಟೈಮ್ ಆಫ್ ದ ಸೀಸನ್’ ರೆಕಾರ್ಡಿಂಗ್ ದಿನ ಅವರಿಗೂ ಆರ್ಜೆಂಟ್‌ಗೂ ಜಗಳವಾಗಿತ್ತು. ಹೊಸದಾಗಿ ಬರೆದ ಹಾಡು, ಆರ್ಜೆಂಟ್ ಸಾಲುಸಾಲಿಗೂ ತಿದ್ದುತ್ತಿದ್ದರು. ಅಷ್ಟು ಗೊತ್ತಿದ್ದರೆ ನೀನೇ ಬಂದು ಹಾಡು ಅಂತ ಬ್ಲನ್‌ಸ್ಟೋನ್ ರೇಗಿದರಂತೆ. ಈ ಕಥೆ ಗೊತ್ತಾದ ಮೇಲೆ ಎಷ್ಟು ಸಲ ಕೇಳಿದರೂ ಆ ಸಿಟ್ಟು ಹಾಡಿನಲ್ಲಿ ನನಗೆ ಸಿಕ್ಕಿಲ್ಲ. ಅಷ್ಟು ನಿರಾಳವಾಗಿದೆ.

ಆಲ್ಬಮ್ 1968ರ ಏಪ್ರಿಲ್‌ನಲ್ಲಿ ಬಂತು. ತಂಡ ಅಷ್ಟರಲ್ಲಿ ಒಡೆದಿತ್ತು. ಬ್ಲನ್‌ಸ್ಟೋನ್ ಲಂಡನ್ನಿನಲ್ಲಿ ಒಂದು ಇನ್ಶೂರೆನ್ಸ್ ಆಫೀಸಿನ ಕೆಲಸಕ್ಕೆ ಸೇರಿಕೊಂಡರು. 1969ರಲ್ಲಿ ‘ಟೈಮ್ ಆಫ್ ದ ಸೀಸನ್’ ಅಮೆರಿಕದಲ್ಲಿ 3ನೇ ಸ್ಥಾನ ಮುಟ್ಟಿತು. ಹಾಡಲು ತಂಡವೇ ಇರಲಿಲ್ಲ, ನಕಲಿ ಜಾಂಬೀಸ್‌ಗಳು ಅಲ್ಲಿ ಊರೂರು ತಿರುಗಿದರು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು.

1971ರ ‘ಒನ್ ಇಯರ್’ ಅವರ ಮೊದಲ ಸೋಲೋ ಆಲ್ಬಮ್. ಸೋಲೋ ಅಂತ ಬೇರೆಯಾಗಿ ಇಟ್ಟು ಕೇಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾಕೆಂದರೆ ಇದರ ನಿರ್ಮಾಪಕರು ಅದೇ ಆರ್ಜೆಂಟ್ ಮತ್ತು ವೈಟ್. ತಂಡ ಒಡೆದರೂ ಗೆಳೆತನ ಒಡೆದಿರಲಿಲ್ಲ, ಅಲ್ವಾ? ಜಾಂಬೀಸ್ ಮುಗಿದ ಮಾರನೇ ದಿನ ‘ಒನ್ ಇಯರ್’ ಹಾಕಿ ನೋಡಿ. ಅದೇ ಉಸಿರು, ಆದರೆ ಸುತ್ತಲಿನ ಗದ್ದಲ ಇಳಿದಿದೆ. ‘ಮಿಸ್ಟಿ ರೋಸಸ್’ ಶುರುವಾಗುವುದು ಗಿಟಾರ್ ಮತ್ತು ದನಿಯಿಂದ. ನಡುವೆ ಪಿಟೀಲು, ಚೆಲ್ಲೋಗಳು ತಮ್ಮಷ್ಟಕ್ಕೆ ಹರಿಯುತ್ತವೆ. ನಾವು ಹಾಡನ್ನೇ ಮರೆತಿರುವಾಗ ಅವರು ಮೆಲ್ಲಗೆ ವಾಪಸ್ ಬರುತ್ತಾರೆ.

‘ಸೇ ಯು ಡೋಂಟ್ ಮೈಂಡ್’ ಇರುವುದೂ ಇದರಲ್ಲೇ. ಬರೆದವರು ಡೆನ್ನಿ ಲೇನ್, ತಂತಿವಾದ್ಯಗಳನ್ನು ಹೊಂದಿಸಿದವರು ಕ್ರಿಸ್ ಗನ್ನಿಂಗ್. ಡ್ರಮ್ಸ್ ಇಲ್ಲ. ತಾಳವನ್ನೂ ತಂತಿವಾದ್ಯಗಳೇ ಹೊತ್ತಿವೆ. 1972ರಲ್ಲಿ ಬ್ರಿಟನ್ನಿನಲ್ಲಿ 15ನೇ ಸ್ಥಾನಕ್ಕೆ ಬಂತು.

ಮುಂದಿನ ವರ್ಷಗಳಲ್ಲಿ ನಾನು ಪದೇಪದೇ ಹೋಗುವುದು 1982ಕ್ಕೆ. ಅಲನ್ ಪಾರ್ಸನ್ಸ್ ಪ್ರಾಜೆಕ್ಟ್ ಅನ್ನುವ ತಂಡಕ್ಕಾಗಿ ಅವರು ಹಾಡಿದ ‘ಓಲ್ಡ್ ಆಂಡ್ ವೈಸ್’. 2019ರಲ್ಲಿ ಜಾಂಬೀಸ್ ತಂಡ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು. ತುಂಬ ತಡವಾಯಿತು.

ಆ ಕೊನೆಯ ಸ್ವರದ ವಿಷಯಕ್ಕೆ ಬರುತ್ತೇನೆ. ಹಾರ್ಮೋನಿಯಂ ನುಡಿಸುವ ನಮ್ಮಕ್ಕನಿಗೆ ಒಂದು ದಿನ ಹಾಡು ಕೇಳಿಸಿದೆ. “ಸ್ವರ ಬಿಡೋ, ಅದಕ್ಕೆ ಮುಂಚೆ ಅವರು ಉಸಿರು ಎಲ್ಲಿ ತಗೊಂಡ್ರು ನೋಡು” ಅಂದಳು. ನಾನು ಎರಡು ವಾರ ಸ್ವರವನ್ನೇ ನೋಡುತ್ತಿದ್ದೆ. ಅಕ್ಕ ಶ್ರುತಿ ಒಂದು ಮನೆ ಇಳಿಸಿ ಕೊಟ್ಟಳು. ಹಿಂದಿನ ಸಾಲನ್ನು ಅರ್ಧದಷ್ಟು ಮೆತ್ತಗೆ ಹಾಡಿ ಉಸಿರು ಉಳಿಸಿಕೊಂಡೆ. ಮೂರನೇ ಸಲಕ್ಕೆ ಕತ್ತು ಬಿಗಿಯಲಿಲ್ಲ.