ಡೀಪ್ ಫ್ರೈಯರ್‌ನಲ್ಲಿ ಪಿಯೆರೋಗಿ: ಎಣ್ಣೆಗೆ ಬಿಡುವ ಮೊದಲೇ ಮುಗಿಯುವ ಕೆಲಸ

ಪಿಯೆರೋಗಿ ಎಂಬ ಹೂರಣ ತುಂಬಿದ ಕಡುಬು ಎಣ್ಣೆಯಲ್ಲಿ ಇರುವುದು ಮೂರು ನಿಮಿಷ ಮಾತ್ರ. ಅದು ಗರಿಗರಿಯಾಗುತ್ತದೋ, ಎಣ್ಣೆ ಕುಡಿಯುತ್ತದೋ, ಬಾಯಿ ಬಿಟ್ಟು ಹೂರಣ ಹೊರಗೆ ಬರುತ್ತದೋ ಎಂಬುದೆಲ್ಲ ಆ ಮೂರು ನಿಮಿಷಕ್ಕೆ ಮೊದಲೇ ನಿರ್ಧಾರ ಆಗಿರುತ್ತದೆ. ನಾನು ಹಲವು ರೀತಿ ಮಾಡಿ ನೋಡಿದ್ದೇನೆ. ಕೊನೆಗೆ ಎಲ್ಲವೂ ನೀರಿನ ವಿಷಯಕ್ಕೇ ಬಂದು ನಿಂತಿತು. ಹೂರಣದಲ್ಲಿರುವ ನೀರು, ಕಣಕದ ಮೈಮೇಲಿನ ನೀರು, ಫ್ರೀಜರ್‌ನಿಂದ ತೆಗೆದದ್ದಾದರೆ ಅಂಟಿರುವ ಮಂಜಿನ ಪುಡಿ. ಇಷ್ಟನ್ನು ಸರಿಮಾಡಿಕೊಂಡರೆ ಫ್ರೈಯರ್ ತನ್ನ ಕೆಲಸ ತಾನೇ ಮಾಡುತ್ತದೆ.

ಪಿಯೆರೋಗಿ ಪೋಲೆಂಡಿನ ತಿನಿಸು. ಮೈದಾ ಕಣಕವನ್ನು ತೆಳ್ಳಗೆ ಲಟ್ಟಿಸಿ, ದುಂಡಗೆ ಕತ್ತರಿಸಿ, ಹೂರಣ ಇಟ್ಟು, ಅರ್ಧಚಂದ್ರದ ಆಕಾರಕ್ಕೆ ಮಡಚಿ ಅಂಚು ಒತ್ತುತ್ತಾರೆ. ಅಲ್ಲಿಯ ಮನೆಗಳಲ್ಲಿ ಸಾಮಾನ್ಯವಾಗಿ ನೀರಿನಲ್ಲಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಸುರಿದು ತಿನ್ನುತ್ತಾರೆ. ಉಳಿದದ್ದನ್ನು ಮರುದಿನ ಬಾಣಲೆಯಲ್ಲಿ ಕೆಂಪಗೆ ಮಾಡುತ್ತಾರೆ. ತುಂಬಿದ ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬಗೆ ಅಮೆರಿಕ ಮತ್ತು ಕೆನಡಾದ ಬಾರ್‌, ಹೋಟೆಲುಗಳಲ್ಲಿ ಹೆಚ್ಚು ಕಾಣುತ್ತದೆ. ಬೇಯಿಸಿದ್ದರ ರುಚಿಯೇ ಬೇರೆ, ಅದನ್ನು ನಾನು ಕಡಿಮೆ ಅನ್ನುವುದಿಲ್ಲ. ಆದರೆ ಹೊರಗೆ ಗರಿ, ಅದರ ಕೆಳಗೆ ಸ್ವಲ್ಪ ಅಗಿಯುವಂಥ ಪದರ, ಒಳಗೆ ಬೆಣ್ಣೆಯ ಹಾಗೆ ಮೆತ್ತಗಿರುವ ಆಲೂಗಡ್ಡೆ, ಈ ಮೂರೂ ಒಂದೇ ತುತ್ತಿನಲ್ಲಿ ಸಿಗುವುದು ಕರಿದದ್ದರಲ್ಲೇ.

ಹೂರಣದಿಂದ ಶುರುಮಾಡುತ್ತೇನೆ. ನನಗೆ ಇಷ್ಟವಾದದ್ದು ಪೋಲೆಂಡಿನಲ್ಲಿ ರುಸ್ಕಿಯೆ ಅನ್ನುವ ಬಗೆ. ಆಲೂಗಡ್ಡೆ, ತ್ವಾರುಗ್ ಎಂಬ ಚೀಸ್, ಹುರಿದ ಈರುಳ್ಳಿ, ಉಪ್ಪು, ಧಾರಾಳ ಕರಿಮೆಣಸು. ಹಾಲನ್ನು ಹುಳಿ ಬರಿಸಿ, ಮೆಲ್ಲಗೆ ಬಿಸಿ ಮಾಡಿ, ನೀರು ಸೋಸಿದರೆ ಸಿಗುವ ಉದುರುದುರಾದ ಚೀಸ್ ಇದು. ಅರ್ಧ ಕೆಜಿ ಆಲೂಗಡ್ಡೆಗೆ 250 ಗ್ರಾಂ ಚೀಸ್ ಸಾಕು. ಆಲೂಗಡ್ಡೆ ಬೆಂದ ಮೇಲೆ ನೀರು ಬಸಿದು, ಅದೇ ಪಾತ್ರೆಯನ್ನು ಸಣ್ಣ ಉರಿಯ ಮೇಲೆ ಒಂದೆರಡು ನಿಮಿಷ ಇಟ್ಟು ಅಲುಗಾಡಿಸುತ್ತೇನೆ. ಆವಿ ಏಳುವುದು ಕಡಿಮೆಯಾದಾಗ ಇಳಿಸಿ, ಬಿಸಿ ಇರುವಾಗಲೇ ನುಣ್ಣಗೆ ಹಿಸುಕುತ್ತೇನೆ. ಹಾಲು, ಕ್ರೀಮ್ ಏನೂ ಸೇರಿಸುವುದಿಲ್ಲ. ಚೀಸ್ ಒದ್ದೆ ಅನ್ನಿಸಿದರೆ ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತೇನೆ. ಹೂರಣ ಪೂರ್ತಿ ತಣ್ಣಗಾದ ಮೇಲೇ ತುಂಬಬೇಕು.

ಇಷ್ಟೊಂದು ಎಚ್ಚರ ಯಾಕೆ ಅಂದರೆ, ನೀರು ಆವಿಯಾದಾಗ 1600 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಸುತ್ತಲೂ 175 ಡಿಗ್ರಿ ಬಿಸಿಯ ಎಣ್ಣೆ, ಒಳಗೆ ಒದ್ದೆ ಹೂರಣ. ಆವಿಗೆ ದಾರಿ ಇಲ್ಲದಿದ್ದರೆ ಅಂಚನ್ನೇ ಬಿಡಿಸಿಕೊಂಡು ಬರುತ್ತದೆ. ಆಮೇಲೆ ಹೂರಣ ಎಣ್ಣೆಗೆ, ಎಣ್ಣೆ ಹೂರಣಕ್ಕೆ. ಕರಗುವ ಬಗೆಯ ಚೀಸ್ ಜಾಸ್ತಿ ಇರುವ ಹೂರಣ ಬೇಗ ಸೋರುತ್ತದೆ. ಹುಳಿ ಬರಿಸಿದ ಎಲೆಕೋಸು ಮತ್ತು ಅಣಬೆಯ ಹೂರಣವೂ ಚೆನ್ನಾಗಿರುತ್ತದೆ, ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಪೋಲೆಂಡಿನಲ್ಲಿ ಇದನ್ನು ಮಾಡುತ್ತಾರೆ. ಆದರೆ ಎಲೆಕೋಸನ್ನು ಚೆನ್ನಾಗಿ ಹಿಂಡಿ, ಬಾಣಲೆಯಲ್ಲಿ ನೀರು ಆರುವವರೆಗೆ ಬಾಡಿಸಲೇಬೇಕು. ಹಣ್ಣಿನ ಹೂರಣವನ್ನು ಮಾತ್ರ ನಾನು ಫ್ರೈಯರ್‌ಗೆ ಹಾಕುವುದಿಲ್ಲ. ರಸ ಸೋರಿದರೆ ಸಕ್ಕರೆ ಎಣ್ಣೆಯಲ್ಲಿ ಸೀದು ಇಡೀ ಎಣ್ಣೆ ಕಹಿಯಾಗುತ್ತದೆ. ಅದು ಬೇಯಿಸಿ ತಿನ್ನಲಿಕ್ಕೇ ಚೆಂದ.

ಕಣಕಕ್ಕೆ ಅರ್ಧ ಕೆಜಿ ಮೈದಾ, ಒಂದು ಮೊಟ್ಟೆ, ಎರಡು ಚಮಚ ಎಣ್ಣೆ, ಸ್ವಲ್ಪ ಉಪ್ಪು, ಹಿಟ್ಟು ಕೇಳಿದಷ್ಟು ಬೆಚ್ಚಗಿನ ನೀರು. ನಾದಿದ ಮೇಲೆ ಮುಚ್ಚಿ ಅರ್ಧ ಗಂಟೆ ಬಿಡಿ. ಬಿಡದಿದ್ದರೆ ಲಟ್ಟಿಸಿದ ಹಾಗೆಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎರಡರಿಂದ ಮೂರು ಮಿಲಿಮೀಟರ್ ದಪ್ಪ ನನಗೆ ಸರಿಹೋಗಿದೆ. ಹೂರಣ ಇಟ್ಟು ಮಡಚುವಾಗ ಒಳಗಿನ ಗಾಳಿಯನ್ನು ಬೆರಳಲ್ಲಿ ಹೊರಗೆ ದೂಡಿ, ಆಮೇಲೆ ಅಂಚು ಒತ್ತಬೇಕು. ಅಂಚಿನಲ್ಲಿ ಹೂರಣದ ಒಂದು ಚೂರು ಸಿಕ್ಕಿಕೊಂಡರೂ ಅಲ್ಲೇ ಬಿರುಕು ಬಿಡುತ್ತದೆ.

ಹಸಿ ಪಿಯೆರೋಗಿಯನ್ನು ನೇರವಾಗಿ ಎಣ್ಣೆಗೆ ಬಿಡಬಹುದಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಬಿಡಬಹುದು, ನಾನೂ ಬಿಟ್ಟು ನೋಡಿದ್ದೇನೆ. ಮೈಯೆಲ್ಲ ಗುಳ್ಳೆ ಎದ್ದು ಗಟ್ಟಿಯಾಗುತ್ತದೆ, ಕಡಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಮೊದಲು ಬೇಯಿಸಿದಾಗ ಮೈದಾದ ಪಿಷ್ಟ ನೀರು ಹೀರಿ ಉಬ್ಬಿಕೊಂಡಿರುತ್ತದೆ. ಅದರಿಂದಲೇ ಗರಿಯ ಕೆಳಗೆ ಆ ಮೆತ್ತನೆಯ ಪದರ ಉಳಿಯುವುದು. ಹಾಗಾಗಿ ಕುದಿಯುವ ಉಪ್ಪು ನೀರಿಗೆ ಹಾಕಿ, ತೇಲಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ತೆಗೆಯುತ್ತೇನೆ. ಪೂರ್ತಿ ಬೇಯಿಸಿದರೆ ಎತ್ತುವಾಗಲೇ ಹರಿಯುವಷ್ಟು ಮೆತ್ತಗಾಗುತ್ತದೆ.

ಇನ್ನು ಒಣಗಿಸುವ ಹಂತ. ಯಾರೂ ಇದಕ್ಕೆ ಸಮಯ ಕೊಡುವುದಿಲ್ಲ, ನಾನು ಇದಕ್ಕೇ ಹೆಚ್ಚು ಸಮಯ ಕೊಡುತ್ತೇನೆ. ಬೆಂದ ಪಿಯೆರೋಗಿಗಳನ್ನು ಒಂದಕ್ಕೊಂದು ತಾಗದ ಹಾಗೆ ಜಾಲರಿಯ ಮೇಲೆ ಹರವುತ್ತೇನೆ. ಆವಿ ಹೋದ ಮೇಲೆ ಮುಚ್ಚದೆ ಫ್ರಿಜ್‌ನಲ್ಲಿ ಒಂದೆರಡು ಗಂಟೆ ಇಡುತ್ತೇನೆ. ಫ್ರಿಜ್‌ನ ಒಣ ಗಾಳಿಗೆ ಮೈ ಸ್ವಲ್ಪ ಬಿರುಸಾಗುತ್ತದೆ, ಆಲೂಗಡ್ಡೆ ಹೂರಣವೂ ಗಟ್ಟಿಯಾಗಿ ಕೂರುತ್ತದೆ. ಮುಟ್ಟಿದರೆ ಬೆರಳಿಗೆ ಅಂಟಬಾರದು. ಅಷ್ಟಾದರೆ ಅದು ಎಣ್ಣೆಗೆ ಸಿದ್ಧ. ಅವಸರ ಇದ್ದರೆ ಬಟ್ಟೆಯಲ್ಲಿ ಒತ್ತಿ ಒರೆಸಿ ಅರ್ಧ ಗಂಟೆ ಬಿಡಿ. ಚೆನ್ನಾಗೇ ಬರುತ್ತದೆ, ಆದರೆ ಅಷ್ಟು ಗರಿ ಇರುವುದಿಲ್ಲ.

ಪ್ಯಾಕೆಟ್‌ನಲ್ಲಿ ಬರುವ ಫ್ರೋಜನ್ ಪಿಯೆರೋಗಿಗೂ ನನ್ನದು ಇದೇ ದಾರಿ. ಗಟ್ಟಿಯಾಗಿರುವಾಗಲೇ ಕುದಿಯುವ ನೀರಿಗೆ ಹಾಕಿ, ತೇಲಿದಾಗ ತೆಗೆದು, ಒಣಗಿಸಿ, ಕರಿಯುತ್ತೇನೆ. ಹೊರಗಿಟ್ಟು ಕರಗಿಸಲು ಹೋಗಬೇಡಿ, ಒಂದಕ್ಕೊಂದು ಅಂಟಿ ಹರಿಯುತ್ತವೆ. ನೇರವಾಗಿ ಎಣ್ಣೆಗೇ ಹಾಕುವುದಾದರೆ ಮಂಜಿನ ಪುಡಿಯನ್ನು ಪೂರ್ತಿ ಒರೆಸಿ, ನಾಲ್ಕೈದನ್ನು ಮಾತ್ರ ಹಾಕಿ, 170 ಡಿಗ್ರಿಯಲ್ಲಿ ಐದು ನಿಮಿಷದಷ್ಟು ಬಿಡಬೇಕು. ಇಲ್ಲದಿದ್ದರೆ ಹೊರಗೆ ಕೆಂಪಾದರೂ ನಡುವೆ ತಣ್ಣಗೇ ಇರುತ್ತದೆ. ಮಂಜು ಬಿಸಿ ಎಣ್ಣೆಗೆ ಬಿದ್ದರೆ ಎಣ್ಣೆ ಉಕ್ಕಿ ಹೊರಗೆ ಬರಬಹುದು, ಕೈ ಸುಡುವುದು ಅಲ್ಲೇ.

ಕರಿಯಲು ವಾಸನೆ ಇಲ್ಲದ, ಬೇಗ ಹೊಗೆ ಏಳದ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಸಾಕು. ಫ್ರೈಯರ್‌ನಲ್ಲಿ ಗುರುತು ಹಾಕಿರುವ ಗೆರೆ ದಾಟಿ ಎಣ್ಣೆ ತುಂಬಬೇಡಿ. ಬಿಸಿ 175ರಿಂದ 180 ಡಿಗ್ರಿ. ಬುಟ್ಟಿಯಲ್ಲಿ ಜೋಡಿಸಿ ಇಳಿಸಿದರೆ ಪಿಯೆರೋಗಿ ತಂತಿಗೆ ಅಂಟಿ, ಎತ್ತುವಾಗ ಹರಿಯುತ್ತದೆ. ಅದಕ್ಕೆ ಖಾಲಿ ಬುಟ್ಟಿಯನ್ನು ಮೊದಲು ಎಣ್ಣೆಯಲ್ಲಿ ಇಳಿಸಿ, ಆಮೇಲೆ ಒಂದೊಂದನ್ನೇ ಜಾಲರಿ ಸೌಟಿನಲ್ಲಿ ಮೆಲ್ಲಗೆ ಬಿಡುತ್ತೇನೆ. ಬೇಯಿಸದೆ ಹಸಿಯಾಗಿಯೇ ಕರಿಯುವುದಾದರೆ ಮೈ ಮೇಲಿನ ಸಡಿಲ ಹಿಟ್ಟನ್ನು ಕೊಡವಿಯೇ ಬಿಡಬೇಕು, ಆ ಹಿಟ್ಟು ತಳದಲ್ಲಿ ಸೀಯುತ್ತದೆ. ಒಂದು ಸಲಕ್ಕೆ ಆರೇಳು ಸಾಕು. ಜಾಸ್ತಿ ಹಾಕಿದರೆ ಎಣ್ಣೆಯ ಬಿಸಿ ಇಳಿದು, ಗರಿ ಕಟ್ಟುವ ಬದಲು ಎಣ್ಣೆ ಹೀರುತ್ತದೆ. ತೇಲುವುದರಿಂದ ಮೇಲಿನ ಕಡೆ ಬಣ್ಣ ಬರುವುದಿಲ್ಲ, ನಡುವೆ ಒಮ್ಮೆ ತಿರುಗಿಸಿ.

ಗಡಿಯಾರಕ್ಕಿಂತ ನಾನು ಶಬ್ದವನ್ನು ನಂಬುತ್ತೇನೆ. ಹಾಕಿದ ಕೂಡಲೇ ಜೋರಾಗಿ ಗುಳ್ಳೆ ಏಳುತ್ತದೆ, ಅದು ಮೈಯಲ್ಲಿ ಉಳಿದ ನೀರು ಹೊರಡುವ ಶಬ್ದ. ಗುಳ್ಳೆ ಸಣ್ಣದಾಗಿ ಸದ್ದು ಇಳಿದಾಗ ಗರಿ ಕಟ್ಟಿದೆ ಎಂದು ಅರ್ಥ. ಬಣ್ಣ ಹೊಂಬಣ್ಣಕ್ಕೆ ಬಂದಾಗ ಎತ್ತಿಬಿಡಿ. ಕಂದು ಬಣ್ಣಕ್ಕೆ ಬಿಡಬೇಡಿ. ಪಿಷ್ಟ ಇರುವ ತಿನಿಸುಗಳನ್ನು ಹೆಚ್ಚು ಬಿಸಿಯಲ್ಲಿ ಕರಿದರೆ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್‌ನ ವಿಜ್ಞಾನಿಗಳು ತೋರಿಸಿದರು. ಬಣ್ಣ ಗಾಢವಾದಷ್ಟೂ ಅದು ಜಾಸ್ತಿ.

ಎತ್ತಿದ ಮೇಲೆ ಕಾಗದದ ಮೇಲೆ ರಾಶಿ ಹಾಕಿದರೆ ಕೆಳಗಿನ ಕಡೆ ಆವಿ ಕಟ್ಟಿ ಮೆತ್ತಗಾಗುತ್ತದೆ. ಜಾಲರಿಯ ಮೇಲೇ ಇಡಿ. ಉಪ್ಪನ್ನು ಆಗಲೇ ಉದುರಿಸಿ, ಆದರೆ ಫ್ರೈಯರ್‌ನ ಮೇಲೆ ಹಿಡಿದು ಬೇಡ, ಉಪ್ಪು ಬಿದ್ದರೆ ಎಣ್ಣೆ ಬೇಗ ಕೆಡುತ್ತದೆ. ಜೊತೆಗೆ ತಣ್ಣಗಿನ ಹುಳಿ ಕ್ರೀಮ್, ಸಣ್ಣ ಉರಿಯಲ್ಲಿ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ಬಿಸಿಗೆ ತಣ್ಣನೆಯದು ತಾಗುವ ಆ ರುಚಿಗೆ ಬೇರೆ ಯಾವ ಸಾಸೂ ಸಾಟಿಯಲ್ಲ, ಇದು ನನ್ನ ಖಚಿತ ಅಭಿಪ್ರಾಯ.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಕೈಗೆ ಸಿಕ್ಕುವ ಹಾಗಿದ್ದರೆ ಸ್ವಿಚ್ ಆರಿಸಿ, ಮುಚ್ಚಳ ಮುಚ್ಚಿ, ದೂರ ಸರಿಯಿರಿ. ಮುಚ್ಚಳವನ್ನು ಫ್ರೈಯರ್ ಪಕ್ಕದಲ್ಲೇ ಇಟ್ಟುಕೊಳ್ಳುವುದು ನನ್ನ ರೂಢಿ. ಕೆಲಸ ಮುಗಿದ ಮೇಲೆ ಎಣ್ಣೆ ಪೂರ್ತಿ ಆರಿದಾಗ ಬಟ್ಟೆಯಲ್ಲಿ ಸೋಸಿ ಕತ್ತಲಲ್ಲಿ ಇಡುತ್ತೇನೆ. ನೊರೆ ಬಂದರೆ, ಬಣ್ಣ ಕಪ್ಪಾದರೆ, ವಾಸನೆ ಮುಗ್ಗಿದರೆ ಮತ್ತೆ ಬಳಸುವುದಿಲ್ಲ. ಸಿಂಕಿಗೂ ಸುರಿಯುವುದಿಲ್ಲ, ಬಾಟಲಿಗೆ ತುಂಬಿ ಕಸಕ್ಕೆ ಕೊಡುತ್ತೇನೆ. ಕರಿದ ಪಿಯೆರೋಗಿ ಉಳಿದರೆ 200 ಡಿಗ್ರಿಯ ಒವನ್‌ನಲ್ಲಿ ಐದಾರು ನಿಮಿಷ ಇಡಿ, ಗರಿ ವಾಪಸ್ ಬರುತ್ತದೆ. ಮೈಕ್ರೋವೇವ್‌ನಲ್ಲಿ ಇಟ್ಟರೆ ಒಳಗಿನ ಆವಿಗೆ ಮೈಯೆಲ್ಲ ರಬ್ಬರ್ ಆಗುತ್ತದೆ.