ಕಣ್ಣು ಕದಲಬಾರದು, ಗಮನ ಸರಿಯಬೇಕು: ಮನೆಯಲ್ಲೇ ಅವಧಾನದ ಅಳತೆ

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ‘ಗಮನ ಅಳೆಯುವ ಪ್ರಯೋಗ’ದ ಮೇಜು ಆಗಾಗ ಕಾಣಿಸುತ್ತದೆ. ಪರದೆಯ ಎಡಕ್ಕೋ ಬಲಕ್ಕೋ ಚುಕ್ಕೆ ಮಿನುಗುತ್ತದೆ, ಕುಳಿತವರು ಅತ್ತ ಹೊರಳಿ ನೋಡಿ ಕೀಲಿ ಒತ್ತುತ್ತಾರೆ, ಪಟ್ಟಿಗೆ ಒಂದು ಸಂಖ್ಯೆ ಸೇರುತ್ತದೆ. ಅಲ್ಲಿ ಅಳತೆಯಾಗುವುದು ಗಮನವಲ್ಲ, ಕಣ್ಣುಗುಡ್ಡೆಯ ಓಟ. ಬೋರ್ಡಿನತ್ತ ಮುಖ ಮಾಡಿಕೊಂಡೇ ಪಕ್ಕದವನ ಊಟದ ಡಬ್ಬಿಯ ಮೇಲೆ ನಿಗಾ ಇಡುವ ಹುಡುಗನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ನೋಟ ಒಂದೆಡೆ, ಗಮನ ಇನ್ನೊಂದೆಡೆ. ಎರಡನ್ನೂ ಬಿಡಿಸಿಟ್ಟು ಅಳೆಯಲು ಅಮೆರಿಕದ ಮನೋವಿಜ್ಞಾನಿ ಮೈಕಲ್ ಪೋಸ್ನರ್ 1980ರಲ್ಲಿ ವಿವರಿಸಿದ ವಿಧಾನಕ್ಕಿಂತ ಸುಲಭದ್ದು ಮನೆಮಟ್ಟಿಗೆ ಬೇರೆ ಬೇಕಿಲ್ಲ.

ಮೊದಲು ಕಾಗದದಲ್ಲಿ ರುಚಿ ನೋಡಿ. ಹಾಳೆಯ ನಡುವೆ ಒಂದು ಚುಕ್ಕೆ, ಎರಡೂ ಪಕ್ಕ 7 ಸೆಂ.ಮೀ. ದೂರದಲ್ಲಿ 1 ಸೆಂ.ಮೀ. ಎತ್ತರದ ಒಂದೊಂದು ಅಕ್ಷರ. ಅಕ್ಷರದ ಸುತ್ತ ಮೂರೂವರೆ ಸೆಂ.ಮೀ. ಖಾಲಿ ಬಿಡಿ, ಹತ್ತಿರ ಬೇರೇನಾದರೂ ಇದ್ದರೆ ಕಣ್ಣಂಚಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಚುಕ್ಕೆಯನ್ನೇ ನೋಡುತ್ತಾ ಎಡಗಡೆಯ ಅಕ್ಷರ ಓದಿ. 19ನೇ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನೇ ಕತ್ತಲೆಯಲ್ಲಿ ವಿದ್ಯುತ್ ಕಿಡಿ ಹಾರಿಸಿ ಮಾಡಿದ್ದ. ಕಣ್ಣು ಹೊರಳುವಷ್ಟು ಹೊತ್ತೂ ಬೆಳಕಿರದಿದ್ದರೂ, ಮೊದಲೇ ಮನಸ್ಸಿಟ್ಟ ಜಾಗದ ಅಕ್ಷರಗಳು ಅವನಿಗೆ ಕಂಡವು.

ಈಗ ಕಂಪ್ಯೂಟರ್. ಉಚಿತವಾಗಿ ಸಿಗುವ ‘ಸೈಕೋಪೈ’ ತಂತ್ರಾಂಶ ಹಾಕಿಕೊಳ್ಳಿ, ಕೋಡ್ ಬರೆಯಬೇಕಿಲ್ಲ. ಕೀಬೋರ್ಡ್ ಮಾತ್ರ ತಂತಿಯದೇ ಇರಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ್ದಾದರೂ ಸಾಕು. ಬ್ಲೂಟೂತ್ ಕೀಬೋರ್ಡ್ ಮತ್ತು ಮೊಬೈಲ್ ಪರದೆಗಳು ಒಮ್ಮೆ ಒಂದಷ್ಟು, ಇನ್ನೊಮ್ಮೆ ಇನ್ನಷ್ಟು ತಡ ಮಾಡುತ್ತವೆ. ನಾವು ಹುಡುಕುತ್ತಿರುವುದೇ ಕೆಲವು ಹತ್ತು ಮಿಲಿಸೆಕೆಂಡಿನ ವ್ಯತ್ಯಾಸ. ‘ನಿಮ್ಮ ರಿಯಾಕ್ಷನ್ ಟೈಮ್ ಪರೀಕ್ಷಿಸಿ’ ಎನ್ನುವ ಆ್ಯಪ್‌ಗಳನ್ನು ಮುಟ್ಟಲೇಬೇಡಿ.

ಹಣೆಯಿಂದ ಪರದೆಗೆ 57 ಸೆಂ.ಮೀ. ಇರಲಿ. ಆ ದೂರದಲ್ಲಿ ಪರದೆಯ ಮೇಲಿನ 1 ಸೆಂ.ಮೀ. ಕಣ್ಣಿಗೆ ಹೆಚ್ಚುಕಡಿಮೆ 1 ಡಿಗ್ರಿ, ಲೆಕ್ಕ ಸಲೀಸು. ಅಷ್ಟುದ್ದದ ದಾರವನ್ನು ಮಾನಿಟರಿನ ಅಂಚಿಗೆ ಅಂಟಿಸಿಟ್ಟರೆ ಆಗಾಗ ಅಳೆದುಕೊಳ್ಳಬಹುದು. ಟ್ಯೂಬ್‌ಲೈಟ್ ಕೆಳಗೆ ತಿರುಗುವ ಫ್ಯಾನಿನ ನೆರಳು ಪರದೆಯ ಮೇಲೆ ಬಿದ್ದರೆ ಗಮನ ಅಲ್ಲಿಗೇ ಓಡುತ್ತದೆ, ಎರಡರಲ್ಲಿ ಒಂದನ್ನು ಬಂದ್ ಮಾಡಿ. ಹೊರವರ್ತುಲ ರಸ್ತೆಯ ಪಕ್ಕದ ಮನೆಯಾದರೆ ಹಾರನ್ ಶುರುವಾಗುವ ಮುಂಚೆ, ಬೆಳಗಿನ ಜಾವ ಒಳ್ಳೆಯದು.

ಒಂದು ಸುತ್ತು ಹೀಗೆ: ಬೂದು ಪರದೆಯ ನಡುವೆ ಅರ್ಧ ಸೆಂ.ಮೀ. ಪ್ಲಸ್ ಗುರುತು, 1ರಿಂದ 2 ಸೆಕೆಂಡಿನ ಒಳಗೆ ಬದಲಾಗುತ್ತಿರುವ ಕಾಯುವಿಕೆ. ಪ್ಲಸ್ ಮೇಲೆ ಎಡಕ್ಕೋ ಬಲಕ್ಕೋ ಬಾಣ, 100 ಮಿಲಿಸೆಕೆಂಡ್. ಮತ್ತೆ 200 ಮಿಲಿಸೆಕೆಂಡ್ ಬರೀ ಪ್ಲಸ್. ಆಮೇಲೆ 7 ಸೆಂ.ಮೀ. ದೂರದಲ್ಲಿ ಚುಕ್ಕೆ, 100 ಮಿಲಿಸೆಕೆಂಡ್. ಸಮಯವನ್ನು ಸೆಕೆಂಡಿನಲ್ಲಿ ಕೊಡಬೇಡಿ, ಫ್ರೇಮಿನಲ್ಲಿ ಕೊಡಿ: ಸೆಕೆಂಡಿಗೆ 60 ಫ್ರೇಮ್ ತೋರಿಸುವ 60 ಹರ್ಟ್ಸ್ ಪರದೆಯಲ್ಲಿ 6 ಫ್ರೇಮ್ ಅಂದರೆ 100 ಮಿಲಿಸೆಕೆಂಡ್. ಚುಕ್ಕೆ ಹಿನ್ನೆಲೆಗಿಂತ ತುಸು ತಿಳಿಯಾಗಿದ್ದರೆ ಸಾಕು. ಕಣ್ಣು ಕುಕ್ಕುವ ಬಿಳಿ ಹಾಕಿದರೆ ಬಾಣದ ಹಂಗಿಲ್ಲದೆ ಅದೇ ಗಮನ ಸೆಳೆದುಬಿಡುತ್ತದೆ. ಚುಕ್ಕೆ ಯಾವ ಕಡೆ ಬಂದರೂ ಒತ್ತುವುದು ಸ್ಪೇಸ್ ಬಾರ್ ಒಂದನ್ನೇ.

ಒಟ್ಟು 160 ಸುತ್ತು: ಬಾಣ ನಿಜ ಹೇಳುವವು 96, ಸುಳ್ಳು ಹೇಳುವವು 24, ಎರಡೂ ಕಡೆ ತುದಿಯಿರುವ ಬಾಣದವು 24, ಚುಕ್ಕೆಯೇ ಬಾರದವು 16. ಎಲ್ಲವನ್ನೂ ಕಲಸಿಬಿಡಿ. ನಿಜ-ಸುಳ್ಳು ಸರಿಸಮ ಮಾಡುವುದು ಸಾಮಾನ್ಯ ತಪ್ಪು. ಬಾಣವನ್ನು ನಂಬಿ ಲಾಭವಿಲ್ಲ ಎಂದು ಮಿದುಳಿಗೆ ಬೇಗ ತಿಳಿಯುತ್ತದೆ, ಅದು ಬಾಣವನ್ನೇ ಕೈಬಿಡುತ್ತದೆ. ಚುಕ್ಕೆ ಬಾರದ ಸುತ್ತುಗಳಿಲ್ಲದಿದ್ದರೆ ಜನ ಬಾಣ ಕಂಡೊಡನೆ ಕೀಲಿ ಒತ್ತತೊಡಗುತ್ತಾರೆ.

ಇನ್ನು ಎಲ್ಲರೂ ಎಡವುವ ಜಾಗ: ಕಣ್ಣನ್ನು ಪ್ಲಸ್ ಮೇಲೆ ನಿಲ್ಲಿಸುವುದು. ಚುಕ್ಕೆ ಬಂದ ಮೇಲೆ ಕಣ್ಣು ಹೊರಳಲು ಸುಮಾರು 200 ಮಿಲಿಸೆಕೆಂಡ್ ಬೇಕು, ಅಷ್ಟರಲ್ಲಿ ಚುಕ್ಕೆ ಹೋಗಿರುತ್ತದೆ. ಅಪಾಯ ಇರುವುದು ಬಾಣ ಬಂದ ಕ್ಷಣದಿಂದ ಚುಕ್ಕೆ ಬರುವವರೆಗಿನ 300 ಮಿಲಿಸೆಕೆಂಡಿನಲ್ಲಿ. ‘ನಾನು ಕಣ್ಣು ಆಡಿಸಲಿಲ್ಲ’ ಎಂಬ ಮಾತನ್ನು ಯಾರದೇ ಆದರೂ ನಂಬಬೇಡಿ. ಸುಳ್ಳು ಹೇಳುತ್ತಿದ್ದಾರೆಂದಲ್ಲ, ಅವರಿಗೇ ಗೊತ್ತಾಗಿರುವುದಿಲ್ಲ.

ತರಬೇತಿ ಹೀಗೆ ಕೊಡಿ. ಬಿಳಿ ರಟ್ಟಿನ ಮೇಲೆ 2 ಸೆಂ.ಮೀ. ಅಗಲದ ದಪ್ಪ ಕಪ್ಪು ಪ್ಲಸ್ ಬರೆದು, ಅದರ ನಡುಮಧ್ಯವನ್ನು 30 ಸೆಕೆಂಡ್ ದಿಟ್ಟಿಸಲು ಹೇಳಿ. ಕೂಡಲೇ ಬೂದು ಪರದೆ ನೋಡಿದರೆ ಒಂದು ತಿಳಿ ಪ್ಲಸ್ ತೇಲುತ್ತದೆ. ಅದು ಅಕ್ಷಿಪಟಲಕ್ಕೆ ಅಂಟಿದ ಅಚ್ಚು, ಕಣ್ಣು ಹೋದಲ್ಲಿಗೆ ಬರುತ್ತದೆ. ಪರದೆಯ ಪ್ಲಸ್ ಮೇಲೆ ಅದು ಕೂತಿದ್ದರೆ ಕಣ್ಣು ನಿಂತಿದೆ, ಜಾರಿದರೆ ಕಣ್ಣು ಜಾರಿದೆ. 10 ಸೆಕೆಂಡ್ ನಿಲ್ಲಿಸಲು ಬರುವವರೆಗೆ ಮುಂದಕ್ಕೆ ಹೋಗಬೇಡಿ. ಒಂದು ಡಿಗ್ರಿಗಿಂತ ಕಡಿಮೆಯ ಸಣ್ಣ ನಡುಕ ಇದ್ದೇ ಇರುತ್ತದೆ, ಅದನ್ನು ಬಿಡಿ.

ಆಮೇಲೆ ಸಾಕ್ಷಿ. ಪರದೆಯ ಕೆಳಗೆ ಫೋನ್ ಆನಿಸಿ, ಕಣ್ಣುಗಳಷ್ಟೇ ತುಂಬುವಂತೆ ಜೂಮ್ ಮಾಡಿ ವಿಡಿಯೊ ಹಾಕಿ. ಸುತ್ತುಗಳನ್ನು ಎಣಿಸಲು ಪ್ರತಿ ಸುತ್ತಿನ ಆರಂಭದಲ್ಲಿ ಒಂದು ಬೀಪ್ ಕೇಳಿಸಲಿ. ಬಾಣದ ಜೊತೆಗೇ ಬೀಪ್ ಇಟ್ಟರೆ ಅದೇ ಎಚ್ಚರಿಕೆಯ ಗಂಟೆಯಾಗಿ ಲೆಕ್ಕ ಕೆಡುತ್ತದೆ. ಕಣ್ಣು ಹೊರಳಿದ ಸುತ್ತುಗಳನ್ನು ಹೊಡೆದುಹಾಕಿ. ಐದರಲ್ಲೊಂದಕ್ಕಿಂತ ಹೆಚ್ಚು ಹೋದರೆ ಮತ್ತೆ ತರಬೇತಿ. ಹೇಳುವ ಮಾತಿನಲ್ಲೂ ಎಚ್ಚರ ಬೇಕು. ‘ಬಾಣದ ಕಡೆ ನೋಡು’ ಎಂದರೆ ಕೆಟ್ಟಿತು. ‘ಪ್ಲಸ್ ನೋಡ್ತಾನೇ ಇರು, ಚುಕ್ಕೆ ಬಾಣದ ಕಡೆ ಬರೋದೇ ಜಾಸ್ತಿ’ ಎನ್ನಿ. 40 ಸುತ್ತಿಗೊಮ್ಮೆ ಒಂದು ನಿಮಿಷ ಬಿಡುವು ಕೊಡಿ.

ಲೆಕ್ಕ ಬೇಗ ಮುಗಿಯುತ್ತದೆ. 150 ಮಿಲಿಸೆಕೆಂಡಿಗಿಂತ ಮೊದಲು ಬಂದದ್ದು ಊಹೆ, 1,000 ದಾಟಿದ್ದು ಮೈಮರೆವು, ಎರಡನ್ನೂ ತೆಗೆಯಿರಿ. ಸರಾಸರಿ ಬೇಡ, ಮಧ್ಯಾಂಕ ತೆಗೆದುಕೊಳ್ಳಿ, ಅಂದರೆ ಸಂಖ್ಯೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು. ನಿಜದ ಬಾಣಕ್ಕಿಂತ ಸುಳ್ಳು ಬಾಣದಲ್ಲಿ ಉತ್ತರ ಕೆಲವು ಹತ್ತು ಮಿಲಿಸೆಕೆಂಡ್ ತಡವಾಗಿ ಬಂದರೆ ಪ್ರಯೋಗ ಕೆಲಸ ಮಾಡಿದೆ. ಬಾಣದ ಬದಲು ಪಕ್ಕದಲ್ಲೇ ಬೆಳಕು ಮಿಂಚಿಸುವ ಅಡ್ಡದಾರಿ ಹಿಡಿದಿದ್ದರೆ ಫಲಿತಾಂಶ ತಲೆಕೆಳಗಾಗಬಹುದು. ಆ ಬಗೆಯ ಸೆಳೆತ ಚುರುಕು, ಆದರೆ ಅಲ್ಪಾಯು. ಸುಮಾರು 300 ಮಿಲಿಸೆಕೆಂಡ್ ಕಳೆದ ಮೇಲೆ ಗಮನ ಒಮ್ಮೆ ಹೋಗಿಬಂದ ಜಾಗಕ್ಕೆ ಮರಳಲು ಹಿಂಜರಿಯುತ್ತದೆ. ಬಾಣವೇ ವಾಸಿ.

ಬೆಳಕು ಅದೇ, ಅಕ್ಷಿಪಟಲದ ಜಾಗವೂ ಅದೇ; ಹಾಗಿದ್ದರೆ ತಡ ಎಲ್ಲಿ? ಮಿದುಳಿನಲ್ಲಿ. ಗಮನವಿಟ್ಟ ಕಡೆ ಬಂದ ಚುಕ್ಕೆಗೆ, ಅದು ಕಂಡ ಸುಮಾರು 100 ಮಿಲಿಸೆಕೆಂಡಿನಲ್ಲೇ, ತಲೆಯ ಹಿಂಭಾಗದಲ್ಲಿ ದಾಖಲಾಗುವ ವಿದ್ಯುತ್ ಅಲೆ ದೊಡ್ಡದಾಗಿರುತ್ತದೆ. ಮಿದುಳು ವಿಜ್ಞಾನಿಗಳಾದ ಮೊರಾನ್ ಮತ್ತು ಡೆಸಿಮೋನ್ 1985ರಲ್ಲಿ ಕೋತಿಗಳ ದೃಷ್ಟಿಭಾಗದ ನರಕೋಶಗಳಲ್ಲಿ ಕಂಡದ್ದು ಇನ್ನೂ ಸೂಕ್ಷ್ಮ: ಒಂದೇ ಕೋಶದ ವ್ಯಾಪ್ತಿಯಲ್ಲಿ ಎರಡು ವಸ್ತುಗಳಿದ್ದಾಗ, ಗಮನ ಕೊಡದ ವಸ್ತುವಿಗೆ ಆ ಕೋಶದ ಸ್ಪಂದನೆ ತಗ್ಗಿತ್ತು. 1999ರ ಮಿದುಳಿನ ಸ್ಕ್ಯಾನ್ ಅಧ್ಯಯನವೊಂದರಲ್ಲಿ ಮುಖ ಮತ್ತು ಮನೆಯ ಚಿತ್ರಗಳನ್ನು ಒಂದರ ಮೇಲೊಂದು ಪಾರದರ್ಶಕವಾಗಿ ತೋರಿಸಿದರು. ಮುಖಕ್ಕೆ ಗಮನ ಕೊಟ್ಟರೆ ಮುಖಗಳಿಗೆ ಸ್ಪಂದಿಸುವ ಭಾಗ, ಮನೆಗೆ ಕೊಟ್ಟರೆ ಜಾಗಗಳಿಗೆ ಸ್ಪಂದಿಸುವ ಭಾಗ ಹೆಚ್ಚು ಚುರುಕಾಯಿತು. ಕಾಣುವ ಬಗೆಯೂ ಬದಲಾಗುತ್ತದೆ: ಗಮನ ಸೆಳೆದ ಕಡೆಯ ಗೆರೆಗಳು ಇರುವುದಕ್ಕಿಂತ ಗಾಢವಾಗಿ ತೋರುತ್ತವೆ ಎಂದು ಮನೋವಿಜ್ಞಾನಿ ಮರೀಸಾ ಕರಾಸ್ಕೊ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು.

ಇದನ್ನೆಲ್ಲ ಮನೆಯಲ್ಲೇ ಅಳೆಯುತ್ತೇವೆಂದು ಹಣೆಗೆ ಕಟ್ಟಿಕೊಳ್ಳುವ ‘ಏಕಾಗ್ರತೆ ಅಳೆಯುವ’ ಪಟ್ಟಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಎಡಕ್ಕೆ ಗಮನ ಹರಿಸಿದಾಗ ಬಲ ಮಿದುಳಿನ 8ರಿಂದ 12 ಹರ್ಟ್ಸ್‌ನ ‘ಆಲ್ಫಾ’ ಎಂಬ ವಿದ್ಯುತ್ ಅಲೆ ತಗ್ಗುವುದು ತಲೆಯ ಹಿಂಭಾಗದಲ್ಲಿ. ಆ ಪಟ್ಟಿಯ ಲೋಹ ಮುಟ್ಟುವುದು ಹಣೆಯನ್ನು. ಹುಬ್ಬು ಗಂಟಿಕ್ಕಿದರೂ ಕಣ್ಣು ಮಿಟುಕಿಸಿದರೂ ಅದರ ಸಂಖ್ಯೆ ಕುಣಿಯುತ್ತದೆ.