ಸಕ್ಷನ್ ಕ್ಯಾಥೆಟರ್ ಎಷ್ಟು ಒಳಗೆ? ಅಂಕಿ ಜೋಡಿಸಿ ನೋಡಿ

ಇಟಿ ಟ್ಯೂಬ್‌ನಲ್ಲಿ (ಉಸಿರಾಟಕ್ಕೆಂದು ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿದ ಕೊಳವೆ) ಸಕ್ಷನ್ ಮಾಡುವಾಗ, ಅಂದರೆ ಕಫ ಹೀರಿ ತೆಗೆಯುವಾಗ, ತಡೆ ಸಿಗುವವರೆಗೆ ಕ್ಯಾಥೆಟರ್ (ಕಫ ಹೀರುವ ತೆಳು ನಳಿಕೆ) ತಳ್ಳಬೇಡಿ. ಕ್ಯಾಥೆಟರ್ ಮೇಲಿನ ಸೆಂ.ಮೀ. ಅಂಕಿ ಟ್ಯೂಬ್ ಮೇಲಿನ ಅದೇ ಅಂಕಿಗೆ ಸರಿಯಾಗಿ ಬಂದಾಗ ನಿಲ್ಲಿಸಿ. ಬಾಯಿಯ ಹೊರಗೆ ಕಾಣುವ 26ರ ಎದುರು 26 ಬಂದರೆ ಎರಡರ ತುದಿಯೂ ಒಂದೇ ಕಡೆ ಇದೆ ಎಂದರ್ಥ. ಎರಡರಲ್ಲೂ ಅಳತೆ ಶುರುವಾಗುವುದು ಒಳಗಿನ ತುದಿಯಿಂದಲೇ, ಹಾಗಾಗಿ ಟ್ಯೂಬ್‌ನ ಮೇಲ್ತುದಿ ಕತ್ತರಿಸಿದ್ದರೂ ಲೆಕ್ಕ ತಪ್ಪುವುದಿಲ್ಲ. ಅಲ್ಲಿಂದ ಹೆಚ್ಚೆಂದರೆ 1 ಸೆಂ.ಮೀ. ಸಾಕು. ಜಾಸ್ತಿ ಆಳಕ್ಕೆ ಹೋದರೆ ಶ್ವಾಸನಾಳ ಕವಲೊಡೆಯುವ ಜಾಗಕ್ಕೆ ತುದಿ ತಾಗಿ ರಕ್ತ ಬರಬಹುದು, ಹಾರ್ಟ್ ರೇಟ್ ಇಳಿಯಬಹುದು. ಮಾತಾಡಲಾಗದ ರೋಗಿಗೆ ಸುಮ್ನೆ ಯಾಕೆ ಆ ನೋವು, ಅಲ್ವಾ? ಕ್ಯಾಥೆಟರ್‌ನಲ್ಲಿ ಅಂಕಿ ಇಲ್ಲದಿದ್ದರೆ, ಒಳಗಿನದು ಕಾಣದ ಟ್ಯೂಬ್ ಆಗಿದ್ದರೆ ಇದು ನಡೆಯುವುದಿಲ್ಲ. ಆಗ ಅದೇ ಸೈಜಿನ, ಅಷ್ಟೇ ಉದ್ದದ ಬೇರೆ ಟ್ಯೂಬ್‌ನಲ್ಲಿ ಮೊದಲೇ ಅಳೆದಿಡಿ. ಕಫ ಇನ್ನೂ ಕೆಳಗಿದ್ದರೆ ಈ ಆಳ ಸಾಲದು. ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.